ಮಂಗಳವಾರ, ಶುಕ್ರವಾರದ ಹಳದಿ ದೀಪ

ಕಂಪಲಾಪುರದ ಕಾರ್ ಮೆಕ್ಯಾನಿಕ್ ಸಿದ್ದರಾಜುವಿಗೆ ವಯಸ್ಸು ಐವತ್ತನಾಲ್ಕು, ಅವನ ಸೊಂಟಕ್ಕೆ ಮಾತ್ರ ಎಪ್ಪತ್ತು. ಜೀಪುಗಳ ಕಾಲದಲ್ಲಿ ಹಿಡಿದ ಸ್ಪ್ಯಾನರನ್ನು ಇನ್ನೂ ಕೆಳಗಿಟ್ಟಿಲ್ಲ. ಆಗ ಗಾಡಿ ಕೆಟ್ಟರೆ ಕೆಮ್ಮುತ್ತಿತ್ತು, ಕರಿಹೊಗೆ ಉಗುಳುತ್ತಿತ್ತು, ಕಿವಿ ಇದ್ದವನಿಗೆ ಗೊತ್ತಾಗುತ್ತಿತ್ತು. ಈಗ ಇಂಜಿನ್ನಿಗೊಂದು ಕಂಪ್ಯೂಟರ್ ಕೂತಿದೆ. ಎಡವಟ್ಟಾದರೆ ಡ್ರೈವರ್ ಮುಂದೆ ಹಳದಿ ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದರೆ ಒಂದು ಕೋಡ್ ತೋರಿಸುತ್ತದೆ. ತೊಂದರೆ ಯಾವ ಕಡೆಯದು ಎಂದು ಆ ಕೋಡ್ ಹೇಳೀತೇ ಹೊರತು ಯಾಕೆ ಬಂತು ಎಂದು ಹೇಳುವುದಿಲ್ಲ. ಇದನ್ನು ಜನಕ್ಕೆ ಯಾರು ತಿಳಿಸಬೇಕು? 'ಮೆಷಿನ್ನೇ ಎಲ್ಲ ಹೇಳ್ತದಲ್ಲ, ನಿಂದೇನಪ್ಪ ಕೆಲ್ಸ?' ಎನ್ನುತ್ತಾರೆ. ಕೇಳಿ ಕೇಳಿ ಅವನಿಗೆ ಉತ್ತರ ಕೊಡುವ ಉಮೇದೂ ಹೋಗಿತ್ತು.

ಅವನನ್ನು ನಿಜವಾಗಿ ಹಣ್ಣು ಮಾಡಿದ್ದು ಕೆಂಪಯ್ಯನವರ ಮನೆಯ ಕಾರು. ಕೆಂಪಯ್ಯ ಎಪ್ಪತ್ತೆರಡು ದಾಟಿದ ರೈತರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮಂಗಳವಾರ, ಶುಕ್ರವಾರ ಮೈಸೂರಿಗೆ ಡಯಾಲಿಸಿಸ್‌ಗೆ ಹೋಗಲೇಬೇಕು. ಮಗ ಕಾಂತರಾಜು ಕರೆದೊಯ್ಯುತ್ತಾನೆ. ಬೆಳಿಗ್ಗೆ ಎಂಟಕ್ಕೆ ಅವರ ಸರದಿ. ತಡವಾದರೆ ಮುಂದಿನ ಸರದಿಯವರು ಕಾದಿರುತ್ತಾರೆ, ನಾಲ್ಕು ಗಂಟೆ ಆಗಬೇಕಾದದ್ದನ್ನು ಎರಡೂವರೆ ಗಂಟೆಯಲ್ಲೇ ಮುಗಿಸುತ್ತಾರೆ. ಒಂದೂವರೆ ತಿಂಗಳಿಂದ ಕಾರು ಹುಣಸೂರು ದಾಟುವಷ್ಟರಲ್ಲಿ ದೀಪ ಹೊತ್ತಿಸುತ್ತಿತ್ತು. ಆಮೇಲೆ ಎಷ್ಟು ತುಳಿದರೂ ನಲವತ್ತರ ಮೇಲೆ ಹೋಗುತ್ತಿರಲಿಲ್ಲ. ಕೆಂಪಯ್ಯನವರ ಕಾಲು ಊದಿಕೊಳ್ಳತೊಡಗಿತ್ತು.

ಕೋಡ್ ಪ್ರತಿ ಸಲವೂ ಅದೇ: ಇಂಜಿನ್ನಿಗೆ ಹೋಗುವ ಗಾಳಿ ಸರಿಯಿಲ್ಲ. ಸಿದ್ದರಾಜು ಗಾಳಿ ಅಳೆಯುವ ಸೆನ್ಸರ್ ತೊಳೆದ, ಆಮೇಲೆ ಹೊಸದನ್ನೇ ಹಾಕಿದ, ವೈರುಗಳನ್ನೆಲ್ಲ ತಡಕಿದ. ಏರ್ ಫಿಲ್ಟರ್ ಬಿಚ್ಚಿದಾಗಲೆಲ್ಲ ಹೊಗೆಸೊಪ್ಪಿನ ಪುಡಿ ಉದುರುತ್ತಿತ್ತು. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮನೆಮನೆಯಲ್ಲೂ ಹೊಗೆಸೊಪ್ಪು ಒಣಗಿಸಿ ಬಿಡಿಸುವ ಕಾಲ. ಆ ಪುಡಿ ಹಾಸಿಗೆಯಲ್ಲೂ ಇರುತ್ತದೆ, ಮಕ್ಕಳ ಸ್ಕೂಲ್ ಬ್ಯಾಗಿನಲ್ಲೂ ಇರುತ್ತದೆ, ಫಿಲ್ಟರಿನಲ್ಲಿ ಇರದೆ ಎಲ್ಲಿ ಹೋದೀತು! ಕೊಡವಿ ವಾಪಸ್ ಹಾಕುತ್ತಿದ್ದ. ಗಾಡಿ ಸರಿಯಾಗುತ್ತಿತ್ತು. ಡಯಾಲಿಸಿಸ್ ದಿನ ಬಂತೆಂದರೆ ಮತ್ತೆ ಅದೇ ರಾಗ.

ಅದೊಂದು ಸೋಮವಾರ ಕಾಂತರಾಜು ಗಾಡಿ ಒಯ್ಯಲು ಬಂದವನು ಕೀಲಿ ಹಿಡಿದುಕೊಂಡೇ ನಿಂತ. 'ಸಿದ್ರಾಜಣ್ಣ, ಇದೊಂದ್ಸಲ ನೋಡ್ತೀನಿ. ನಾಳೆನೂ ಇಂಗೇ ಆದ್ರೆ ಬೇರೆ ಕಡೆ ತೋರಿಸ್ತೀನಿ. ಅಪ್ಪನ್ ಜೀವದ್ ಇಸ್ಯ ಕಣಣ್ಣ.'

ಬೈದಿದ್ದರೆ ವಾಸಿಯಿತ್ತು. ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡದ್ದು ಇಷ್ಟಕ್ಕೇನಾ ಎಂದು ಸಿದ್ದರಾಜುವಿಗೆ ನಾಚಿಕೆಯಾಯಿತು. ಸಂಜೆ ಐದಕ್ಕೆ ಸ್ಕ್ಯಾನರ್ ಎತ್ತಿಕೊಂಡು ತಾನೇ ಅವರ ಮನೆಗೆ ಹೋದ. ಇಂಜಿನ್ ಚಾಲೂ ಮಾಡಿ ನೋಡಿದರೆ ಯಾವ ಕೋಡೂ ಇಲ್ಲ, ಎಲ್ಲ ಅಂಕಿಯೂ ಸರಿಯಾಗಿದೆ. ಕಾಂತರಾಜು ಡೈರಿಗೆ ಹಾಲು ಹಾಕಲು ಹೋದ. ಸಿದ್ದರಾಜು ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತ.

ಆಗ ಕೆಂಪಯ್ಯನವರ ಹೆಂಡತಿ ಪುಟ್ಟತಾಯಮ್ಮ ಹೊರಗೆ ಬಂದರು. ಸೆರಗಿನಲ್ಲಿ ಒಂದು ಹಿಡಿ ಒಣ ಹೊಗೆಸೊಪ್ಪು. ಅನ್ನದ ತಪ್ಪಲೆಯ ಮುಚ್ಚಳ ತೆಗೆದಷ್ಟು ಸಲೀಸಾಗಿ ಬಾನೆಟ್ ಎತ್ತಿ, ಇಂಜಿನ್ನಿಗೆ ಗಾಳಿ ಎಳೆಯುವ ಪೈಪಿನ ಬಾಯಿಗೆ ಸೊಪ್ಪನ್ನೆಲ್ಲ ತುರುಕಿದರು.

'ಅವ್ವಾ! ಅದ್ಯಾಕೆ ಅಲ್ಲಿಗೆ ತುರುಕ್ತಿದ್ದೀರಿ?'

'ನೀನೇ ಹೇಳಿದ್ದಲ್ವೇನಪ್ಪ? ಇಲಿ ವೈರ್ ಕಡೀತು ಅಂದಾಗ, ಬಾನೆಟ್ ಒಳಗೆ ಒಂದಿಡಿ ಒಗೆಸೊಪ್ಪು ಇಟ್ಬುಡಿ, ವಾಸ್ನೆಗೆ ಬರಾಕಿಲ್ಲ ಅಂದೆ. ಇಲಿ ಈ ಬಾಯೊಳಕ್ಕೇ ನುಗ್ಗಿದ್ನ ನಾನು ಕಣ್ಣಾರೆ ನೋಡ್ದೆ. ಮಾರ್ನೆ ದಿನ ಅವ್ರನ್ನ ಕರ್ಕೊಂಡೋಗೋದಿದ್ರೆ ನಾನೇ ಮರೀದೆ ಇಡ್ತೀನಿ.'

ಸಿದ್ದರಾಜು ಹೇಳಿದ್ದು ನಿಜ. ಹೇಳಿದ್ದು ಅವನಿಗೆ ಮರೆತೇ ಹೋಗಿತ್ತು. ಒಂದೂವರೆ ತಿಂಗಳು ತನ್ನ ಮಾತಿನ ಹಿಂದೆಯೇ ಸ್ಕ್ಯಾನರ್ ಹಿಡಿದು ಅಲೆದನಲ್ಲ ಎಂದು ನಗು ಬಂತು. ಸೊಪ್ಪು ಪುಡಿಯಾಗಿ ಫಿಲ್ಟರಿಗೆ ಕಟ್ಟಿಕೊಂಡು ಇಂಜಿನ್ನಿಗೆ ಗಾಳಿ ಸಾಲುತ್ತಿಲ್ಲ ಎಂದು ವಿವರಿಸಿದ ಮೇಲೆ ನಗು ಉಳಿಯಲಿಲ್ಲ. ಪುಟ್ಟತಾಯಮ್ಮ ಅಲ್ಲೇ ನೆಲಕ್ಕೆ ಕೂತುಬಿಟ್ಟರು.

'ಅಂಗಾರೆ ಇಷ್ಟ್ ದಿನ ಅವ್ರನ್ನ ತಡ ಮಾಡ್ಸಿದ್ದು ನಾನೇನಾ?'

'ಇಲ್ಲ ಕಣವ್ವ. ಎಲ್ಲಿ ಇಡ್ಬೇಕು ಅಂತ ನಾನು ಹೇಳ್ಲಿಲ್ಲ. ತಪ್ಪು ನಂದು.'

ಅವರು ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು. ಚಪ್ಪರದ ಕೆಳಗೆ ಮಂಚದ ಮೇಲಿದ್ದ ಕೆಂಪಯ್ಯ ಸನ್ನೆ ಮಾಡಿ ಸಿದ್ದರಾಜುವನ್ನು ಹತ್ತಿರ ಕರೆದರು.

'ನಂಗೊತ್ತಿತ್ತು ಕಣಪ್ಪ,' ಎಂದರು ಸಣ್ಣ ದನಿಯಲ್ಲಿ. 'ಅವ್ಳು ಸೊಪ್ಪು ತುರುಕಿದ್ರೆ ಗಾಡಿ ನಿಧಾನ. ಎರಡ್ನೇ ವಾರಕ್ಕೇ ತಿಳೀತು.'

'ಮತ್ಯಾಕ್ ಹೇಳ್ಲಿಲ್ಲ ಗೌಡ್ರೇ?'

ಕೆಂಪಯ್ಯ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ತೋಳನ್ನು ಸವರಿಕೊಂಡರು. 'ತಡ ಆದ್ರೆ ಎರಡೂವರೆ ಗಂಟೆಗೇ ಬುಟ್ಬುಡ್ತಾರೆ. ಬರಾಕಿಲ್ಲ ಅಂತ ಬಾಯ್ಬುಟ್ಟು ಹೇಳಂಗಿಲ್ಲ. ಮಗ ಅಳ್ತಾನೆ, ಅವ್ಳು ಊಟ ಬುಡ್ತಾಳೆ. ಗಾಡಿ ಕೆಟ್ರೆ ಯಾರ್ ಮೇಲೂ ತಪ್ಪು ಬರಾಕಿಲ್ಲ ಅಂತ ಸುಮ್ಕಿದ್ದೆ.'

'ನನ್ ಮೇಲೆ ಬಂತಲ್ಲ ಗೌಡ್ರೇ.'

'ಊಂ. ಅದೊಂದು ಬೇಜಾರಾಯ್ತು.' 'ನಾಳೆ ಒಂದಿನ ಅಂಗೇ ಬುಟ್ಬುಡು, ಸಿದ್ರಾಜು. ಸಾಕಾಗ್ಬುಟ್ಟದೆ ನಂಗೆ.'

ಕಾಂತರಾಜು ಹೇಳಿದ ಮಾತು ಸಿದ್ದರಾಜುವಿನ ಕಿವಿಯಲ್ಲಿತ್ತು, ಒಳಗೆ ಪುಟ್ಟತಾಯಮ್ಮ ಮೂಗು ಸೀಟುವುದು ಕೇಳುತ್ತಿತ್ತು. ಎದ್ದು ಹೋಗಿ ಪೈಪಿನ ಬಾಯಿಂದ ಸೊಪ್ಪನ್ನು ಎಳೆದು ತೆಗೆದ. ಬೆರಳಿಗೆ ಎಟುಕದ ಚೂರನ್ನು ಸ್ಕ್ರೂಡ್ರೈವರಿನಿಂದ ಕೆದಕಿದ. ಕೆಂಪಯ್ಯ ನೋಡುತ್ತಿದ್ದಾರೆಂದು ಗೊತ್ತಿತ್ತು, ತಿರುಗಿ ನೋಡುವ ಧೈರ್ಯವಾಗಲಿಲ್ಲ. ಇಲಿ ನುಗ್ಗದಂತೆ ಪೈಪಿಗೆ ತಂತಿಜಾಲರಿ ಹಾಕಿಕೊಡುತ್ತೇನೆ ಎಂದು ಒಳಗೆ ಕೇಳುವಂತೆ ಹೇಳಿ ಹೊರಟ.

ಮರುದಿನ ಎಂಟೂಕಾಲಿಗೆ ಕಾಂತರಾಜು ಫೋನ್ ಮಾಡಿದ. ದನಿಯಲ್ಲಿ ಹಬ್ಬ. 'ಸಿದ್ರಾಜಣ್ಣ, ದೀಪನೇ ಬರ್ಲಿಲ್ಲ! ಅರ್ಧ ಗಂಟೆ ಮುಂಚೇನೆ ಬಂದ್ಬುಟ್ವಿ. ಅಪ್ಪನ್ನ ಮೆಷಿನ್ಗೆ ಹಾಕವ್ರೆ, ಇವತ್ತು ನಾಲ್ಕು ಗಂಟೆನೂ ಪೂರ್ತಿ.'

'ಗೌಡ್ರು ಏನಾದ್ರೂ ಅಂದ್ರಾ?'

'ಸಿದ್ರಾಜು ಕೆಲ್ಸ ಅಂದ್ರೆ ಕೆಲ್ಸ ಕಣ್ಲಾ, ಅಂದ್ರು. ದಾರಿ ಉದ್ದಕ್ಕೂ ಅಷ್ಟೇ ಮಾತು.'

ಒಳ್ಳೇದು ಕಣಪ್ಪ ಎಂದು ಸಿದ್ದರಾಜು ಫೋನ್ ಇಟ್ಟ. ಶೆಡ್ಡಿನ ಮುಂದೆ ಎರಡು ಗಾಡಿ ಕಾದಿದ್ದವು. ಹನ್ನೆರಡು ಗಂಟೆಯಾಗುವ ತನಕ ಅವನಿಂದ ಯಾವುದನ್ನೂ ಮುಟ್ಟಲಾಗಲಿಲ್ಲ.