ಚೀಲದಕ್ಕನ ಮುನ್ನೂರ ತೊಂಬತ್ತು ಗ್ರಾಂ

ಬೆಳಗಿನ ಜಾವ ಐದೂವರೆ. ಮೃಗಾಲಯದ ಅಡುಗೆಕೋಣೆಯಲ್ಲಿ ಚೀಲದಕ್ಕ ತಕ್ಕಡಿಯ ಮೇಲೆ ಒಂದು ಬಟ್ಟೆಚೀಲ ಇಡುತ್ತಾರೆ. ಒಳಗಿರುವುದು ವಾಲಬಿ ಮರಿ. ವಾಲಬಿ ಎಂದರೆ ಕಾಂಗರೂವಿನ ಚಿಕ್ಕ ದಾಯಾದಿ. ಮರಿಯ ಮೈಮೇಲೆ ಇನ್ನೂ ಕೂದಲು ಸರಿಯಾಗಿ ಮೂಡಿಲ್ಲ. ಚೀಲದ ತೂಕ ಕಳೆದರೆ ಮುನ್ನೂರ ತೊಂಬತ್ತು ಗ್ರಾಂ, ನಿನ್ನೆಗಿಂತ ಆರು ಗ್ರಾಂ ಕಡಿಮೆ. ಅವರು ಚೀಲವನ್ನು ಕೊರಳಿಗೆ ಹಾಕಿಕೊಂಡು ಎದೆಗೆ ಒತ್ತಿಕೊಳ್ಳುತ್ತಾರೆ.

ಮೂವತ್ತೆಂಟರ ಈ ಹೆಂಗಸು ಪ್ರಾಣಿಪಾಲನೆಯ ತರಬೇತಿಗೆ ಸೇರಿ ನಾಲ್ಕು ತಿಂಗಳಾಗಿದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಬ್ಯಾಗ್ ಹೊಲಿಯುವ ಕಾರ್ಖಾನೆಯಲ್ಲಿದ್ದರು; ಅದು ಬಾಗಿಲು ಹಾಕಿತು. ಈ ಚೀಲವೂ ಅವರದೇ ಹೊಲಿಗೆ, ಹಾಗಾಗಿ ಇಲ್ಲಿ ಎಲ್ಲರ ಬಾಯಲ್ಲೂ ಅವರು ಚೀಲದಕ್ಕ. ದಿನಕ್ಕೆ ಹದಿನಾಲ್ಕು ಪಂಜರ ತೊಳೆಯಬೇಕು, ಇಪ್ಪತ್ತು ಕಿಲೋ ಹಣ್ಣು ಸೊಪ್ಪು ಹೆಚ್ಚಬೇಕು, ಮೂರು ಗಂಟೆಗೊಮ್ಮೆ ಮರಿಗೆ ಹಾಲು ಕುಡಿಸಬೇಕು. ಪತ್ರಿಕೆಗೆ ಬರೆಯಲು ಬಂದ ನಾನು ಬೆರಳಿನ ಗಾಯಗಳನ್ನು ನೋಡಿದ್ದಕ್ಕೆ ನಗುತ್ತಾರೆ. "ಗಿಳಿಗೆ ಬೆರಳೂ ಒಂದೇ, ಕ್ಯಾರೆಟ್ಟೂ ಒಂದೇ ಮೇಡಂ." ಮರಿ ಮನೆಗೂ ಅವರ ಜೊತೆಯೇ ಹೋಗುತ್ತದೆ. ಅಮ್ಮನ ಪಕ್ಕದ ಜಾಗ ಕೈತಪ್ಪಿತೆಂದು ಮಗಳು ಮುನಿಸಿಕೊಂಡಿದ್ದಾಳೆ.

ಮರಿ ಅವರ ಎದೆಗೆ ಬಂದದ್ದು ಅವರದೇ ತಪ್ಪಿನಿಂದ. ಇಲ್ಲಿ ಬೆಳಗಿನ ಕೆಲಸಕ್ಕೊಂದು ಕ್ರಮವಿದೆ: ಮೊದಲು ವಾಲಬಿ ಮನೆ, ಆಮೇಲೆ ಗಿಳಿಗಳು, ಕಟ್ಟಕಡೆಗೆ ಹದ್ದು. ಒಂಬತ್ತು ದಿನದ ಹಿಂದೆ ಬೆಳಿಗ್ಗೆ ಹದ್ದು ರೆಕ್ಕೆ ಮುರಿದುಕೊಂಡು ಬಿದ್ದಿತ್ತು. ಅದಕ್ಕೆ ಆರೈಕೆ ಮಾಡಿ, ಮಾಂಸ ತಿನ್ನಿಸಿ, ಅವಸರದಲ್ಲಿ ಅದೇ ಏಪ್ರನ್‌ನಲ್ಲಿ ವಾಲಬಿ ಮನೆಗೆ ಹೋದರು. ಏಪ್ರನ್‌ಗೆ ಹತ್ತಿದ್ದ ಹದ್ದಿನ ವಾಸನೆಗೆ ತಾಯಿ ಬೆದರಿ ದಿಕ್ಕೆಟ್ಟು ಓಡಿತು. ಬೆದರಿದಾಗ ವಾಲಬಿಯ ಹೊಟ್ಟೆಚೀಲ ಸಡಿಲವಾಗುತ್ತದೆ. ಮರಿ ನೆಲಕ್ಕೆ ಬಿತ್ತು. ಮೂರು ಸಲ ಒಳಗಿಟ್ಟರೂ ತಾಯಿ ಅದನ್ನು ಹೊರಗೆ ಹಾಕಿತು.

ಹಿರಿಯ ಪಾಲಕರು ದಿನಚರಿ ಪುಸ್ತಕದಲ್ಲಿ 'ಆಕಸ್ಮಿಕ' ಎಂದು ಬರೆದು ಮುಗಿಸಲು ನೋಡಿದರು. ಚೀಲದಕ್ಕ ಬಿಡಲಿಲ್ಲ. "ನಾನು ಏಪ್ರನ್ ಬಿಚ್ಚದೆ ಹೋದೆ ಅಂತ ಬರೀರಿ ಅಣ್ಣ. ಇಲ್ಲಾಂದ್ರೆ ನಾಳೆ ಬರೋಳೂ ಇದೇ ತಪ್ಪು ಮಾಡ್ತಾಳೆ." ಪ್ರಮಾಣಪತ್ರಕ್ಕೆ ಕುತ್ತು ಬರಬಹುದೆಂದು ಅವರಿಗೆ ಗೊತ್ತು. ನನಗೆ ಅವರ ಮೇಲೆ ಗೌರವ, ಆ ತಕ್ಕಡಿಯ ಮೇಲೆ ಸಿಟ್ಟು. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ವೈದ್ಯರು ಹೇಳಿದ್ದಾರೆ. ಚೀಲದಕ್ಕ ಇಟ್ಟುಕೊಂಡಿದ್ದಾರೆ.

ಈ ಬರಹ ಅಚ್ಚಿಗೆ ಹೋಗುವ ಮುನ್ನ ಫೋನ್ ಮಾಡುತ್ತೇನೆ. ಮರಿ ಹಿಂದಿನ ಸಂಜೆ, ಹಾಲು ಕುಡಿಯುತ್ತಿದ್ದಂತೆಯೇ ತೀರಿಕೊಂಡಿದೆ. ರಜೆ ತೆಗೆದುಕೊಳ್ಳಿ ಎಂದರೂ ಕೇಳದೆ ಅವರು ಕೆಲಸಕ್ಕೆ ಬಂದಿದ್ದಾರೆ. ನಿಮಗೇನಾದರೂ ಬೇಕೇ ಎಂದು ಪೆದ್ದುಪೆದ್ದಾಗಿ ಕೇಳುತ್ತೇನೆ. ವಾಲಬಿ ಮನೆಯ ಕೆಲಸ ತನ್ನಿಂದ ಕಿತ್ತುಕೊಳ್ಳದಿದ್ದರೆ ಸಾಕು ಎನ್ನುತ್ತಾರೆ.

"ಇವತ್ತು ಅದರ ತಾಯಿ ನನ್ನ ಕೈಯಿಂದಲೇ ಸೊಪ್ಪು ತಿಂತು ಮೇಡಂ. ಒಂಚೂರೂ ಹೆದರಲಿಲ್ಲ. ಮುಖ ತಿರುಗಿಸಿಕೊಂಡಿದ್ರೆ ತಡ್ಕೋತಿದ್ದೆ."