ಮೂರನೇ ನುಡಿಗೆ ತೆರೆದ ಬೀಗ

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವಳು ನಾನೇ ಮೊದಲು. ಎಮ್ಮೆ ಹಿಂಡಿ, ಡೈರಿಗೆ ಹಾಲು ಹಾಕಿ, ಚಿಕ್ಕೋಡಿ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಪಾಸಾದವಳು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆಮೇಲೆ ಏಕಸಂಬಿ ಹತ್ತಿರದ ನಮ್ಮೂರಲ್ಲೇ ವಾಚನಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಅಲ್ಲಿಂದ ಪುಸ್ತಕ ಒಯ್ಯುವವರಲ್ಲಿ ನಮ್ಮವ್ವನೇ ಮುಂದು. ಅವಳ ತವರು ದೂಧಗಂಗೆ ಹೊಳೆಯ ಆಚೆ, ಮಹಾರಾಷ್ಟ್ರದಲ್ಲಿ. ಎಮ್ಮೆಗೆ ಬೈಯುವುದು ಕನ್ನಡದಲ್ಲಿ, ಓದಲು ಬರುವುದು ಮರಾಠಿ ಮಾತ್ರ. ಆಗ ಅವಳ ಕೈಯಲ್ಲಿ ಒಂದು ದಪ್ಪ ಮರಾಠಿ ಕಾದಂಬರಿ ಇತ್ತು. ಗಂಡನ ಮನೆ ಬಿಟ್ಟು ಹೋದ ಹೆಣ್ಣಿನ ಕತೆ. "ಆಕಿ ತಿರುಗಿ ಬರ್ತಾಳೋ ಇಲ್ಲೋ ಅಂತೀನಿ," ಎಂದು ಹಾಲು ಹಿಂಡುವಾಗಲೂ ಅದೇ ಮಾತು.

ಅಷ್ಟರಲ್ಲಿ ಗಡಿ ಗದ್ದಲ ಎದ್ದಿತು. ಬಸ್ಸು ನಿಂತವು. ಗದ್ದಲ ಮುಗಿಯುವವರೆಗೆ ಮರಾಠಿ ಪುಸ್ತಕ ಯಾರಿಗೂ ಕೊಡಬಾರದು ಎಂದು ಊರಲ್ಲಿ ಠರಾವು ಆಯಿತು. ತರುಣರು ಮನೆಮನೆಗೆ ಹೋಗಿ ಪುಸ್ತಕ ವಾಪಸು ತಂದರು. ಮರಾಠಿಯ ಹಾಗೆ ಅಕ್ಷರದ ತಲೆಯ ಮೇಲೆ ಗೆರೆ ಕಂಡದ್ದೆಲ್ಲ ಕಪಾಟಿನೊಳಗೆ ಹೋಯಿತು. ಕೀಲಿ, ವಾಚನಾಲಯದ ಹಿರಿಯರಾದ ಕಾಕಾನ ಉಡದಾರಕ್ಕೆ.

"ಕಾಕಾ, ನಮ್ಮವ್ವಂದು ಅರ್ಧಾ ಓದೂದು ಉಳದೈತ್ರಿ," ಎಂದೆ.

"ಗದ್ದಲ ತಣ್ಣಗಾಗ್ಲಿ ತಂಗಿ. ಪುಸ್ತಕ ಏನ್ ಹಾಲೇನು, ಒಡದು ಹೋಗಾಕ?"

ಬ್ರಿಟಿಷರು ಪುಸ್ತಕ ಜಪ್ತಿ ಮಾಡಿದ್ದು, ಜನ ಅವನ್ನು ಕದ್ದು ಓದಿದ್ದು, ಸ್ವಾತಂತ್ರ್ಯ ಬಂದ ಮೇಲೆ ಅವು ಹೊರಗೆ ಬಂದದ್ದು, ಎಲ್ಲವನ್ನೂ ನಾನು ಪರೀಕ್ಷೆಯಲ್ಲಿ ಬರೆದು ಬಂದವಳು. ನಿಷೇಧ ಹಾಕುವವರು ಆ ಪುಸ್ತಕ ಓದಿರುವುದೇ ಕಡಿಮೆ ಎಂದೂ ಬರೆದಿದ್ದೆ. ನಮ್ಮ ತರುಣರಂತೂ ಹೆಸರನ್ನು ಕೂಡ ಓದಿರಲಿಲ್ಲ.

ಸೋಮವಾರ ವಾಚನಾಲಯದ ಪಡಸಾಲೆಯಲ್ಲಿ ಭಜನೆ. ಮುಂದೆ ನಿಂತು ಹಾಡುವವರು ಕಾಕಾನೇ. ಕಟ್ಟೆಯ ಮೇಲೆ ಇಟ್ಟಿರುತ್ತಿದ್ದ ಅವರ ಭಜನೆ ಪುಸ್ತಕ ಕಾಣಲಿಲ್ಲ. ಅದರೊಳಗಿನ ಹಾಡೆಲ್ಲ ಕನ್ನಡ. ಆದರೆ ಕಾಕಾನ ಕಾಲದವರು ಕಲಿತದ್ದು ಮರಾಠಿ ಸಾಲೆಯಲ್ಲಿ, ಅದಕ್ಕೇ ಅಚ್ಚಾದದ್ದು ಮರಾಠಿ ಅಕ್ಷರದಲ್ಲಿ. ಇಲ್ಲಿನ ಹಳೆಯ ಮನೆಗಳಲ್ಲಿ ಅಂಥವು ಈಗಲೂ ಸಿಗುತ್ತವೆ. ತಲೆಯ ಮೇಲೆ ಗೆರೆ ಇದ್ದದ್ದರಿಂದ ಅದೂ ಕಪಾಟು ಸೇರಿತ್ತು.

ಕಾಕಾ ಎರಡು ನುಡಿ ಬಾಯಿಪಾಠ ಹಾಡಿದರು. ಮೂರನೆಯದು ನೆನಪಾಗಲಿಲ್ಲ. ಡಗ್ಗಾ ಬಾರಿಸುವವನು ಪಾಪ, ಬಾರಿಸುತ್ತಲೇ ಇದ್ದ.

ಹೆಂಗಸರ ಸಾಲಿನಿಂದ ಅವ್ವ ಕಾಕಾನಿಗೆ, "ಇರ್ಲಿ ಬಿಡ್ರಿ ಮಾವಾರ, ಗದ್ದಲ ತಣ್ಣಗಾದ ಮ್ಯಾಲ ಹಾಡೀರಂತ," ಎಂದಳು.

ಪಡಸಾಲೆಯೆಲ್ಲ ನಕ್ಕಿತು. ಕಾಕಾನೂ ನಕ್ಕು ಉಡದಾರದ ಕೀಲಿ ಬಿಚ್ಚಿ ನನಗೆ ಕೊಟ್ಟರು. "ತಗೀ ತಂಗಿ, ನನ್ನ ಪುಸ್ತಕ ಅಷ್ಟ ಕೊಡು."

ನಾನು ಕೀಲಿ ಹಿಡಿದು ನಿಂತೆ. "ಒಂದ ತಗದು ಉಳದವು ಇಡಾಕ ಬರಂಗಿಲ್ರಿ ಕಾಕಾ. ತಗದ್ರ ಎಲ್ಲಾ ತಗೀತೀನಿ."

"ಮತ್ತ ಊರ ಮಾನ?" ಎಂದ ಒಬ್ಬ ತರುಣ.

"ಊರ ಮಾನ ಮೂರನೇ ನುಡಿಗೆ ಬಂದು ನಿಂತೈತಲೇ, ಸುಮ್ಮ ಕುಂಡ್ರು," ಎಂದರು ಕಾಕಾ. "ಎಲ್ಲಾ ತಗೀ ತಂಗಿ."

ಅವ್ವ ಭಜನೆ ಮುಗಿಯುವ ತನಕ ಕಾದಂಬರಿಯನ್ನು ಸೆರಗಿನೊಳಗೇ ಹಿಡಿದು ಕೂತಿದ್ದಳು. ಮರುದಿನ ಮಧ್ಯಾಹ್ನ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಓದಿ ಮುಗಿಸಿದಳು.

"ತಿರುಗಿ ಬಂದ್ಲೇನಬೇ ಆಕಿ?"

"ಬಿ.ಎ. ಮಾಡೀದಿ. ಓದ್ಕೊ," ಎಂದು ಪುಸ್ತಕ ನನ್ನ ಕೈಗಿಟ್ಟು ಎಮ್ಮೆಗೆ ನೀರು ಕುಡಿಸಲು ಎದ್ದಳು.