ಹಲ್ಲಿನೊಳಗಿನ ಕಲ್ಲು

ಕೆಲಸಕ್ಕೆ ಹಾಕಿಕೊಂಡ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡೇ ಸೊಪ್ಪಿನ ಗಾಡಿಗೆ ಬಂದುಬಿಡುತ್ತಿದ್ದರು ನಮ್ಮ ಹಲ್ಲಿನ ಡಾಕ್ಟರಮ್ಮ. ಅದರ ಪಟ್ಟಿಯ ಗುರುತು ಹಣೆಯ ಮೇಲೆ ಕುಂಕುಮಕ್ಕಿಂತ ಕೆಂಪಗೆ ಕಾಣುತ್ತಿತ್ತು. ಬಸವೇಶ್ವರನಗರದ ನಮ್ಮ ಮನೆಯ ಕೆಳಗಿನ ಪೋರ್ಷನ್ನಲ್ಲೇ ಅವರ ಕ್ಲಿನಿಕ್ಕು. ಸೊಪ್ಪಿನವಳು ನಕ್ಕರೆ ಸಾಕು, ದಂಟಿನ ಕಟ್ಟು ಕೈಯಲ್ಲಿರುವಾಗಲೇ, “ಎಲ್ಲಿ, ಆ ಕೊನೇ ಹಲ್ಲು ತೋರ್ಸಮ್ಮ” ಎನ್ನುವರು.

ಒಂದು ದಿನ ನನ್ನ ದವಡೆ ಹಲ್ಲಿನ ಬೇರು ಸ್ವಚ್ಛ ಮಾಡುತ್ತಿದ್ದಾಗ ಅವರ ಕೈ ಗಕ್ಕನೆ ನಿಂತಿತು. ಏನನ್ನೋ ಹೊರತೆಗೆದು ಹತ್ತಿಯ ಮೇಲಿಟ್ಟರು. ಸಾಸಿವೆಗಿಂತ ಚಿಕ್ಕದು.

“ಕಲ್ಲು ಕಣ್ರೀ. ಹಲ್ಲಿನ ಒಳಗಿತ್ತು.”

ಅಕ್ಕಿಯಲ್ಲಿ ಕಲ್ಲು ಕಂಡಿದ್ದೆ, ಕಿಡ್ನಿಯಲ್ಲಿ ಆಗುವುದನ್ನು ಕೇಳಿದ್ದೆ. ಹಲ್ಲಿನೊಳಗೆ! ತೆರೆದ ಬಾಯಿ ಮುಚ್ಚುವುದನ್ನೇ ಮರೆತೆ.

ಜೊತೆಗೆ ಬಂದಿದ್ದ ಅವ್ವನ ಮುಖ ಬಿಳಿಚಿಕೊಂಡಿತು. ದಾವಣಗೆರೆ ಕಡೆಯ ಅವಳಿಗೆ ಎಲೆಯಡಿಕೆಯ ಸುಣ್ಣದ ಡಬ್ಬಿಯೇ ಔಷಧದ ಅಂಗಡಿ. ನನ್ನ ಬಾಣಂತನದಲ್ಲಿ ಮೂಳೆ ಗಟ್ಟಿಯಾಗಲೆಂದು ದಿನಾ ಗೋಧಿ ಕಾಳಿನಷ್ಟು ಸುಣ್ಣವನ್ನು ಮಜ್ಜಿಗೆಗೆ ಬೆರೆಸಿ ಕುಡಿಸಿದ್ದಳು. “ಅಯ್ಯೋ ಶಿವನೇ, ನಾನೇ ಕೈಯಾರೆ ಮಗಳ ಹಲ್ಲಾಗ ಕಲ್ಲು ಕಟ್ಸಿದ್ನಲ್ಲ!” ಎಂದು ಅಲ್ಲೇ ಅತ್ತಳು.

ಡಾಕ್ಟರಮ್ಮ ನಗಲಿಲ್ಲ. ಗ್ಲೌಸ್ ಬಿಚ್ಚಿ ಅವ್ವನ ಕೈ ಹಿಡಿದುಕೊಂಡರು. “ಇದು ಆ ಸುಣ್ಣ ಅಲ್ಲಮ್ಮಾ. ಹಲ್ಲಲ್ಲಿ ಏನಿದ್ಯೋ ಈ ಕಲ್ಲಲ್ಲೂ ಅದೇ ಇರೋದು. ಕ್ಯಾಲ್ಸಿಯಂ, ಫಾಸ್ಫೇಟು, ಚೂರುಪಾರು ಮೆಗ್ನೀಸಿಯಂ. ಮೈ ತಾನೇ ಮಾಡ್ಕೊಳ್ಳುತ್ತೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ನಿಮ್ಮ ತಪ್ಪಲ್ಲ.” ಆಮೇಲೆ ಗದರಿದರು: “ಹಾಗಂತ ಮೊಮ್ಮಗಳಿಗೂ ಸುಣ್ಣ ಕುಡಿಸ್ಬೇಡಿ, ಮತ್ತೆ!”

ಕಳೆದ ವರ್ಷ ಒಂದು ಬೆಳಗ್ಗೆ ಕ್ಲಿನಿಕ್ಕಿನ ಶಟರ್ ಎತ್ತಿದ ಡಾಕ್ಟರಮ್ಮ ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಗಟ್ಟಿಕಟ್ಟಿದೆ ಎಂದು ಹಿಂದಿನ ವಾರವಷ್ಟೇ ಸ್ಕ್ಯಾನಿನಲ್ಲಿ ಗೊತ್ತಾಗಿತ್ತಂತೆ. ನಮಗ್ಯಾರಿಗೂ ಹೇಳಿರಲಿಲ್ಲ. ಹತ್ತಿಯ ಮೇಲಿನ ಆ ಚೂರು ಕಣ್ಣಿಗೆ ಕಟ್ಟಿದಂತಿತ್ತು. ಎಲ್ಲರ ಹಲ್ಲಿನೊಳಗೂ ಇಣುಕಿದವರ ಎದೆಯೊಳಗೆ ಅದೇ ಕೂತಿತ್ತೇ?

ದೇಹವನ್ನು ಮನೆಗೆ ತಂದಾಗ ಅವರ ತಾಯಿ ಎದೆ ಬಡಿದುಕೊಳ್ಳುತ್ತಿದ್ದರು. “ಮೂಳೆ ಸವೆಯುತ್ತೆ ಅಂತ ದಿನಾ ಬಲವಂತ ಮಾಡಿ ಹಾಲು ಕುಡಿಸ್ತಿದ್ದೆ. ನಾನೇ ಕೊಂದ್ಬಿಟ್ಟೆ ನನ್ನ ಮಗಳನ್ನ!”

ಅವ್ವ ಜನರನ್ನು ಸರಿಸಿಕೊಂಡು ಹೋಗಿ ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು.

“ಮೈ ತಾನೇ ಮಾಡ್ಕಂತತಿ ತಾಯೀ. ನಿಮ್ ತಪ್ಪಲ್ಲ. ನಿಮ್ ಮಗಳೇ ನನಗ ಹೇಳಿದ್ದು.”